ಹಗ್ಗದ ಎರಡು ತುದಿ

ಹುಚ್ಚಿನ ಚರಿತ್ರೆ ಬರೆದವರೆಲ್ಲ ಅದನ್ನು ಆಸ್ಪತ್ರೆಯ ಬಾಗಿಲಿನಿಂದ ಒಳಕ್ಕೆ ಬರೆದಿದ್ದಾರೆ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಹುಚ್ಚಾಸ್ಪತ್ರೆಗಳಲ್ಲಿ ರೋಗಿಗಳ ಸರಪಳಿ ಬಿಚ್ಚಿದ್ದು, 1839ರಿಂದ ಇಂಗ್ಲೆಂಡಿನ ಹ್ಯಾನ್‌ವೆಲ್‌ನಲ್ಲಿ ಜಾನ್ ಕೊನೊಲಿ ಕಟ್ಟುವ ಸಾಧನಗಳನ್ನೆಲ್ಲ ಮೂಲೆಗೆ ಹಾಕಿದ್ದು ಈ ಚರಿತ್ರೆಯ ದೊಡ್ಡ ಘಟನೆಗಳು. ನಮ್ಮ ಕಡೆ 1845ರಲ್ಲಿ ಧಾರವಾಡದ ಆಸ್ಪತ್ರೆ, 1847ರ ಸುಮಾರಿಗೆ ಬೆಂಗಳೂರಿನದು. ಬೆಂಗಳೂರಿನದೇ ಮುಂದೆ ಬೆಳೆದು 1974ರಲ್ಲಿ ನಿಮ್ಹಾನ್ಸ್ ಆಯಿತು. ಒಳ್ಳೆಯದೇ. ಆದರೆ ಈ ಚರಿತ್ರೆಯಲ್ಲಿ ಒಂದು ಹಾದಿ ಕಾಣೆಯಾಗಿದೆ. ರೋಗಿ ಆ ಬಾಗಿಲವರೆಗೆ ಬಂದದ್ದು ಹೇಗೆ? ಕರೆತಂದವರು ಯಾರು? ಯಾವುದರಲ್ಲಿ ಕಟ್ಟಿ ತಂದರು? ದಲಿತ ವಿಮರ್ಶೆ ಕೇಳಬೇಕಾದದ್ದು ಈ ಪ್ರಶ್ನೆಗಳನ್ನು ಎಂದು ನನ್ನ ಭಾವನೆ. ಯಾಕೆಂದರೆ ನಮ್ಮ ಜನ ಆಸ್ಪತ್ರೆಯನ್ನು ಕಾಣುವ ಮೊದಲೇ ಠಾಣೆಯನ್ನು ಕಂಡವರು.

ಬಿ.ಜಿ. ಕೆರೆ ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯ ಮೇಲಿನ ಊರು, ಮೊಳಕಾಲ್ಮೂರು ತಾಲ್ಲೂಕಿಗೆ ಸೇರಿದ್ದು. ಇಲ್ಲಿಂದ ನಿಮ್ಹಾನ್ಸಿಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಇಂಥ ಹೆದ್ದಾರಿಯ ಊರುಗಳಿಗೆಲ್ಲ ಒಂದು ದೃಶ್ಯ ಗೊತ್ತು: ಮೈಮೇಲೆ ಹರಕು ಬಟ್ಟೆ, ಜಡೆಗಟ್ಟಿದ ಕೂದಲು, ಕೈಯಲ್ಲೊಂದು ಗಂಟು, ಯಾವ ಊರಿನವನೋ, ಯಾವ ಭಾಷೆಯವನೋ, ಸುಮ್ಮನೆ ನಡೆದು ಹೋಗುತ್ತಿರುತ್ತಾನೆ. ಹೋಟೆಲಿನವರು ಒಂದು ಬನ್ನು ಕೊಡುತ್ತಾರೆ, ಹುಡುಗರು ಕಲ್ಲು ಎಸೆಯುತ್ತಾರೆ. ಈ 'ನಡೆಯುವುದು' ಎಂಬುದಿದೆಯಲ್ಲ, ಕಾನೂನಿನ ಕಣ್ಣು ಬಿದ್ದದ್ದು ಅದರ ಮೇಲೇ.

1858ರ ಹುಚ್ಚಾಸ್ಪತ್ರೆಗಳ ಕಾಯಿದೆ ಅಲೆದಾಡುವ ಹುಚ್ಚರನ್ನು ಹಿಡಿಯುವ ಕೆಲಸವನ್ನು ಪೊಲೀಸರಿಗೆ ವಹಿಸಿತು. 1912ರ ಲೂನಸಿ ಕಾಯಿದೆಯ 13ನೇ ಸೆಕ್ಷನ್ ಅದನ್ನೇ ಮುಂದುವರಿಸಿತು: ಅಲೆಯುವ ಹುಚ್ಚನನ್ನು ಠಾಣಾಧಿಕಾರಿ ಬಂಧಿಸಬಹುದು, ಅಪಾಯಕಾರಿ ಎಂದು ಕಂಡವನನ್ನು ಬಂಧಿಸಲೇಬೇಕು. ಅಲ್ಲಿಂದ ಮ್ಯಾಜಿಸ್ಟ್ರೇಟರ ಮುಂದೆ, ಆಮೇಲೆ ವೈದ್ಯರ ಮುಂದೆ. ಅನುಕ್ರಮ ಗಮನಿಸಿ: ಮೊದಲು ಲಾಠಿ, ನಂತರ ನ್ಯಾಯ, ಕಡೆಗೆ ಔಷಧಿ. ಬ್ರಿಟಿಷ್ ಇಂಡಿಯಾದ ಈ ಕಾನೂನು ಮೈಸೂರು ಸಂಸ್ಥಾನದಲ್ಲಿದ್ದ ಮೊಳಕಾಲ್ಮೂರಿನ ಗಡಿಗೆ ಬಂದು ನಿಂತಿತ್ತು. ಆಚೆ ಕಡೆ ಅಂದಿನ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ, ರಾಯದುರ್ಗ. ಬುದ್ಧಿ ಕೆಟ್ಟವನಿಗೆ ಗಡಿಯ ಗೊಡವೆ ಇರಲಿಲ್ಲ. 1987ರ ಮಾನಸಿಕ ಆರೋಗ್ಯ ಕಾಯಿದೆ 1993ರಲ್ಲಿ ಜಾರಿಗೆ ಬಂದಾಗ 'ಹುಚ್ಚ' ಎಂಬ ಪದ ಹೋಗಿ 'ಮನೋರೋಗಿ' ಎಂದಾಯಿತು. 'ಬಂಧನ'ದ ಜಾಗದಲ್ಲಿ 'ರಕ್ಷಣೆಗೆ ತೆಗೆದುಕೊಳ್ಳುವುದು' ಎಂಬ ಮೃದು ಮಾತು ಬಂತು. 'ಅಲೆಯುವುದು' ಎಂಬ ಪದ ಮಾತ್ರ ಅಲ್ಲೇ ಉಳಿಯಿತು. 2017ರ ಕಾಯಿದೆಯಲ್ಲೂ ಅದು ಇದೆ.

ಯಾಕೆ ಉಳಿಯಿತು? ಇದಕ್ಕೆ ಉತ್ತರ ವೈದ್ಯಶಾಸ್ತ್ರದಲ್ಲಿ ಸಿಗುವುದಿಲ್ಲ. 1871ರಲ್ಲಿ ಬಂದ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯನ್ನು ಪಕ್ಕದಲ್ಲಿಟ್ಟು ಓದಬೇಕು. 1911ರಲ್ಲಿ ಅದು ಮದರಾಸು ಪ್ರಾಂತ್ಯಕ್ಕೂ ಬಂತು. ಕೊರವರಂಥ ಅಲೆಮಾರಿಗಳು ಹುಟ್ಟಿನಿಂದಲೇ ಅಪರಾಧಿಗಳಾದರು, ಠಾಣೆಗೆ ಹಾಜರಿ ಹಾಕಬೇಕಾಯಿತು. ಬಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಸೆಟ್ಲ್‌ಮೆಂಟುಗಳು ಎದ್ದವು. ಉಪ್ಪು ಮಾರುತ್ತ, ಬುಟ್ಟಿ ಹೆಣೆಯುತ್ತ, ಕಣಿ ಹೇಳುತ್ತ ನಡೆದವರ ನಡಿಗೆಯೇ ಅಪರಾಧವಾಯಿತು. ಒಂದು ಕಾನೂನಿಗೆ ನಡೆಯುವವನು ಕಳ್ಳ, ಇನ್ನೊಂದಕ್ಕೆ ನಡೆಯುವವನು ಹುಚ್ಚ. ಎರಡಕ್ಕೂ ಅವನನ್ನು ಹಿಡಿಯುವ ಕೈ ಒಂದೇ. ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. 1851ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ ಯಜಮಾನನಿಂದ ಓಡಿಹೋಗುವ ಗುಲಾಮನಿಗೆ ಒಂದು ಮಾನಸಿಕ ಕಾಯಿಲೆ ಇದೆ ಎಂದು ಬರೆದು ಅದಕ್ಕೆ 'ಡ್ರೇಪಟೊಮೇನಿಯ' ಎಂದು ಹೆಸರಿಟ್ಟ. ಯಜಮಾನಿಕೆಯ ಕಣ್ಣಿಗೆ ಕೆಳಗಿನವನು ಕಾಲು ಕಿತ್ತದ್ದೆಲ್ಲ ಒಂದೋ ಪಾಪ, ಇಲ್ಲವೇ ರೋಗ. ಕ್ರಿಮಿನಲ್ ಟ್ರೈಬ್ಸ್ ಕಾಯಿದೆ 1952ರಲ್ಲಿ ರದ್ದಾಯಿತು. ಅದು ಕಲಿಸಿದ ನೋಟ ರದ್ದಾಗಲಿಲ್ಲ.

ಫೂಕೊ ಓದಿದ ನಮ್ಮ ಗೆಳೆಯರು 1656ರ ಪ್ಯಾರಿಸ್ಸಿನ ಮಹಾಬಂಧನದ ಬಗ್ಗೆ ಮಾತಾಡುತ್ತಾರೆ. ಅದನ್ನು ಇದ್ದಹಾಗೆ ಇಲ್ಲಿಗೆ ತಂದರೆ ಹೊಂದುವುದಿಲ್ಲ. 1946ರ ಭೋರ್ ಸಮಿತಿಯ ವರದಿಯ ಹೊತ್ತಿಗೆ ಸುಮಾರು ನಲವತ್ತು ಕೋಟಿ ಜನರಿದ್ದ ದೇಶದಲ್ಲಿ ಮಾನಸಿಕ ಆಸ್ಪತ್ರೆಗಳ ಹಾಸಿಗೆ ಸುಮಾರು 10,000. ಕೂಡಿಹಾಕಲು ಜಾಗವೇ ಇರಲಿಲ್ಲ. ಹಾಗಾಗಿ ಇಲ್ಲಿ ಹುಚ್ಚು ಸೇರಿಕೊಂಡದ್ದು ಲಾಕಪ್ಪಿಗೆ, ಜೈಲಿಗೆ, ಮನೆಯ ಕಂಬಕ್ಕೆ. ಅಸ್ಸಾಮಿನ ತಿವಾ ಬುಡಕಟ್ಟಿನ ಮಚಾಂಗ್ ಲಾಲುಂಗ್ 1951ರಲ್ಲಿ ಬಂಧನಕ್ಕೊಳಗಾಗಿ ವಿಚಾರಣೆಯೇ ಇಲ್ಲದೆ ಆಸ್ಪತ್ರೆ, ಜೈಲುಗಳಲ್ಲಿ 54 ವರ್ಷ ಕಳೆದು 2005ರಲ್ಲಿ ಹೊರಬಂದರು. ಅಪರಾಧ ಮಾಡದ ಮನೋರೋಗಿಗಳನ್ನು ಜೈಲಿನಲ್ಲಿಡುವುದು ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟು ಶೀಲಾ ಬಾರ್ಸೆ ಪ್ರಕರಣದಲ್ಲಿ ಹೇಳಿದ್ದು 1993ರಲ್ಲಿ. ಗಣರಾಜ್ಯವಾಗಿ 43 ವರ್ಷಗಳ ನಂತರ! 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ರೋಗಿಗಳು ಓಡಲಾಗದೆ ಸತ್ತರು. ಸತ್ತವರು 28 ಮಂದಿ.

ಈಗ ಹಗ್ಗದ ಇನ್ನೊಂದು ತುದಿಗೆ ಬರೋಣ. ಹಳ್ಳಿಯಲ್ಲಿ ಹುಚ್ಚು ಕೆರಳಿದವನನ್ನು ಹಿಡಿದವರು ಯಾರು? ಪಟೇಲನೇನೂ ಮೈ ಮುಟ್ಟುವವನಲ್ಲ, ಶಾನುಭೋಗನಂತೂ ಜಗಲಿ ಇಳಿಯುವವನಲ್ಲ. ಊರಿನ ಪೊಲೀಸು ಕೆಲಸದಲ್ಲಿ ಪಟೇಲನ ಕೈಕಾಲಾಗಿದ್ದವರು ತೋಟಿ, ತಳವಾರರು. ಕೊಳಕಾದ, ಕಚ್ಚುವ, ಉಗುಳುವ ಮೈಯನ್ನು ಮುಟ್ಟುವ ಕೆಲಸ ಸತ್ತ ದನ ಹೊರುವವನ ಪಾಲಿಗೇ ಬರಬೇಕಲ್ಲ! ಕಪಿಲೆ ಬಾವಿಯ ಮಿಣಿಯನ್ನು ಹದಮಾಡಿ ಹೊಸೆದವನು ಮಾದಿಗ. ಆ ಮಿಣಿಯಲ್ಲೇ ಹುಚ್ಚನನ್ನು ಬಿಗಿದಾಗ ಗಂಟು ಹಾಕಬೇಕಾದವನೂ ಅವನೇ. 1961ರ ಕಾಯಿದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು. ಆದರೂ ಇವತ್ತು ಯಾವ ಠಾಣೆಯಲ್ಲಾದರೂ ಇಂಥ ಕೇಸು ಬಂದಾಗ ಜೀಪಿನಿಂದ ಮೊದಲು ಇಳಿಯುವ ಕಾನ್‌ಸ್ಟೇಬಲ್ ಯಾವ ಕೇರಿಯಿಂದ ಬಂದವನು ಎಂದು ಕೇಳಿ ನೋಡಿ. ಕಟ್ಟಿಸಿಕೊಳ್ಳುವವನೂ ನಮ್ಮವನು, ಕಟ್ಟುವವನೂ ನಮ್ಮವನು. ಕಟ್ಟಿ ಎಂದವನು ಮಾತ್ರ ಬೇರೆ.

ನಮ್ಮ ಸಂಬಂಧಿಕರೊಬ್ಬರ ಕೇರಿಯಲ್ಲಿ ನಾನು ಪಿಯುಸಿ ಓದುವಾಗ ಕಂಡದ್ದನ್ನು ಹೇಳುತ್ತೇನೆ. ಊರು, ಠಾಣೆಯ ಹೆಸರು ಬೇಡ. ಮೂರು ದಿನದಿಂದ ನಿದ್ದೆಯಿಲ್ಲದ ಹುಡುಗ, ಕೈಯಲ್ಲಿ ಕುಡುಗೋಲು. ಯಾರನ್ನೂ ಹೊಡೆದಿರಲಿಲ್ಲ, ಹತ್ತಿರ ಬಂದವರಿಗೆ ಬೀಸುತ್ತಿದ್ದ. ಪೊಲೀಸರು ಇಬ್ಬರು ಬಂದರು. ಕುಡುಗೋಲು ಕೆಳಗೆ ಬಿದ್ದ ಮೇಲೆಯೇ ಹೊಡೆತ ಶುರುವಾದದ್ದು. "ಸಾಮಿ, ಹೊಡೀಬ್ಯಾಡ್ರಿ, ಅವನಿಗೆ ಮೈಯಾಗೆ ಹುಷಾರಿಲ್ಲ" ಅಂತ ಅವನವ್ವ ಕಾಲು ಹಿಡಿದಳು. "ಹುಷಾರಿಲ್ದೋನಿಗೆ ಇಷ್ಟು ಜೋರು ಎಲ್ಲಿಂದ ಬಂತಮ್ಮಾ?" ಅಂದರು. ಬೋರಲು ಕೆಡವಿ, ಬೆನ್ನ ಮೇಲೆ ಮಂಡಿಯೂರಿ, ಎಮ್ಮೆಯ ಹಗ್ಗದಲ್ಲಿ ಕೈ ಹಿಂದಕ್ಕೆ ಕಟ್ಟಿ ಟೆಂಪೋಗೆ ಹಾಕಿದರು. ಹುಡುಗ ಬದುಕಿದ, ಗುಳಿಗೆ ತಗೊಂಡು ಸುಧಾರಿಸಿದ. ಆದರೆ ಖಾಕಿ ಕಂಡರೆ ಇವತ್ತಿಗೂ ಮನೆಯೊಳಗೆ ಸೇರಿಕೊಳ್ಳುತ್ತಾನೆ, ಆಸ್ಪತ್ರೆಗೆ ಬಾ ಅಂದರೆ ಠಾಣೆಗಾ ಎಂದು ಕೇಳುತ್ತಾನೆ.

'ಇಷ್ಟು ಜೋರು ಎಲ್ಲಿಂದ ಬಂತು' ಎಂಬ ಆ ಪ್ರಶ್ನೆಯಲ್ಲೇ ಸಾವು ಅಡಗಿದೆ. ಬೋರಲು ಬಿದ್ದವನ ಬೆನ್ನ ಮೇಲೆ ಭಾರ ಹಾಕಿದರೆ ಎದೆಗೂಡು ಹಿಗ್ಗುವುದಿಲ್ಲ, ಹೊಟ್ಟೆ ಒತ್ತಿಕೊಂಡು ಉಸಿರು ಒಳಕ್ಕೆ ಹೋಗುವುದಿಲ್ಲ. ಉದ್ರೇಕದಲ್ಲಿ ಆಗಲೇ ದಣಿದ ಮೈಗೆ ಬೇಕಾದದ್ದು ಹೆಚ್ಚು ಗಾಳಿ, ಸಿಗುವುದು ಕಡಿಮೆ. ಅವನು ಉಸಿರಿಗಾಗಿ ಒದ್ದಾಡುತ್ತಾನೆ. ಮೇಲೆ ಕೂತವನಿಗೆ ಅದು ಪ್ರತಿರೋಧವಾಗಿ ಕಾಣುತ್ತದೆ, ಇನ್ನೂ ಅದುಮುತ್ತಾನೆ. ಕಡೆಗೆ ಅವನು ಸುಮ್ಮನಾದಾಗ 'ತಣ್ಣಗಾದ' ಎನ್ನುತ್ತಾರೆ. ಲಂಡನ್ನಿನಲ್ಲಿ 2008ರ ಆಗಸ್ಟಿನಲ್ಲಿ ಶಾನ್ ರಿಗ್ ಎಂಬ ಕಪ್ಪು ಸಂಗೀತಗಾರ ಪೊಲೀಸರ ವಶದಲ್ಲಿ ಸತ್ತ. ಅವನಿಗೆ ಸ್ಕಿಜೋಫ್ರೇನಿಯ ಇತ್ತು. ಅವನನ್ನು ಬೋರಲಾಗಿ ಅದುಮಿ ಹಿಡಿದ ಬಲ ಅನಗತ್ಯವಾಗಿತ್ತೆಂದು 2012ರಲ್ಲಿ ವಿಚಾರಣಾ ಜ್ಯೂರಿ ಹೇಳಿತು. 2010ರಲ್ಲಿ ಒಲಾಸೆನಿ ಲೂಯಿಸ್ ಎಂಬ 23ರ ಕಪ್ಪು ಯುವಕ ಆಸ್ಪತ್ರೆಯೊಳಗೇ ಹನ್ನೊಂದು ಪೊಲೀಸರ ಹಿಡಿತದಲ್ಲಿ ಕುಸಿದು ಕೆಲವು ದಿನಗಳಲ್ಲಿ ಸತ್ತ. ಮನೆಯವರು ಹೋರಾಡಿದ್ದರಿಂದ 2018ರಲ್ಲಿ ಮಾನಸಿಕ ಆಸ್ಪತ್ರೆಗಳಲ್ಲಿ ಬಲಪ್ರಯೋಗಕ್ಕೆ ಲೆಕ್ಕ ಇಡಿಸುವ ಕಾನೂನು ಬಂತು. ಅಲ್ಲಿನ ಜನ ಅದನ್ನು ಸೆನಿಯ ಕಾನೂನು ಎನ್ನುತ್ತಾರೆ. ನ್ಯೂಯಾರ್ಕಿನಲ್ಲಿ 1984ರಲ್ಲಿ ಬಾಡಿಗೆ ಬಾಕಿಯ ಕಾರಣಕ್ಕೆ ಮನೆ ಬಿಡಿಸಲು ಹೋದ ಪೊಲೀಸರು ಎಲಿನಾರ್ ಬಂಪರ್ಸ್ ಎಂಬ 66 ವರ್ಷದ, ಮನಸ್ಸು ಕೆಟ್ಟಿದ್ದ ಕಪ್ಪು ಮುದುಕಿಯನ್ನು ಗುಂಡಿಟ್ಟು ಕೊಂದರು. ಕಪ್ಪು ಮೈ, ಕೇರಿಯ ಮೈ ಎರಡಕ್ಕೂ ಒಂದೇ ಶಾಪ: ನೋವಿಗಿಂತ ಮೊದಲು ಅದರಲ್ಲಿ ಅಪಾಯ ಕಾಣುತ್ತದೆ.

'ಹಾಗಾದರೆ ಕುಡುಗೋಲು ಹಿಡಿದವನ ಮುಂದೆ ಪೊಲೀಸರು ಕೈಕಟ್ಟಿ ನಿಲ್ಲಬೇಕೇನ್ರಿ?' ಎಂದು ನನ್ನ ವಿದ್ಯಾರ್ಥಿಯೊಬ್ಬ ಕೇಳಿದ. ಸರಿಯಾದ ಪ್ರಶ್ನೆ. ಹಿಡಿಯಬೇಕಾದ ಗಳಿಗೆ ಬರುತ್ತದೆ. ಹಿಡಿಯದಿದ್ದರೆ ಅವನೇ ಸಾಯಬಹುದು, ಅವನವ್ವ ಸಾಯಬಹುದು. ಹಿಡಿಯುವುದು ಬೇರೆ, ಬುದ್ಧಿ ಕಲಿಸುವುದು ಬೇರೆ. ದೂರ ನಿಂತು ಹೊತ್ತು ಕಳೆಯುವುದು, ಗುಂಪನ್ನು ಚದುರಿಸುವುದು, ಒಬ್ಬರೇ ಮಾತಾಡುವುದು, ಬಿದ್ದವನನ್ನು ತಕ್ಷಣ ಮಗ್ಗುಲಿಗೆ ಹೊರಳಿಸುವುದು, ಇವೆಲ್ಲ ಕಲಿಯಬಹುದಾದ ಕೆಲಸಗಳು. ಕಲಿಸದೆ, ಒಂದೇ ಸಮ ಡ್ಯೂಟಿ ಹಾಕಿ ಕಾನ್‌ಸ್ಟೇಬಲ್ಲನ್ನು ಕಳಿಸುವ ಪ್ರಭುತ್ವ ಇಬ್ಬರಿಗೂ ದ್ರೋಹ ಮಾಡುತ್ತದೆ.

ಈ ವಿವೇಕ ನಮಗೆ ಹೊರಗಿನಿಂದ ಬರಬೇಕಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳಲ್ಲಿ ಅಶೋಕನ ಶಾಸನಗಳಿವೆ, ಬಿ.ಎಲ್. ರೈಸ್ 1892ರಲ್ಲಿ ಅವನ್ನು ಗುರುತಿಸಿದರು. ಜೀವಿಗಳಲ್ಲಿ ದಯೆ ಇರಲಿ ಎಂಬ ಮಾತು ಅಲ್ಲಿದೆ. ಅದಕ್ಕಿಂತ ನೇರವಾದದ್ದು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1980ರ ದಶಕದ ಕೊನೆಗೆ ಬೆಳಕಿಗೆ ಬಂತು. ಕಳಿಂಗದ ಅಧಿಕಾರಿಗಳಿಗೆ ಬರೆಸಿದ್ದ ಪ್ರತ್ಯೇಕ ಶಾಸನಗಳು ಅಲ್ಲಿನ ಕಲ್ಲಿನಲ್ಲೂ ಇವೆ. ಕಾರಣವಿಲ್ಲದೆ ಜನ ಸೆರೆ, ಹಿಂಸೆಗೆ ಸಿಲುಕಬಾರದು ಎನ್ನುವ ಆ ಆಜ್ಞೆ ಅಧಿಕಾರಿಗಳು ಎಲ್ಲಿ ತಪ್ಪುತ್ತಾರೆಂದೂ ಪಟ್ಟಿ ಮಾಡುತ್ತದೆ: ಅಸೂಯೆ, ಸಿಟ್ಟು, ಕ್ರೌರ್ಯ, ಅವಸರ, ಅಭ್ಯಾಸವಿಲ್ಲದಿರುವುದು, ಸೋಮಾರಿತನ, ದಣಿವು. ಎರಡು ಸಾವಿರ ವರ್ಷ ಮೀರಿದ ಆ ಪಟ್ಟಿಯಲ್ಲಿ ಇವತ್ತಿನ ಯಾವ ಠಾಣೆ ಇಲ್ಲ ಹೇಳಿ?

2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ಆ ಹಳೆಯ ಅನುಕ್ರಮವನ್ನು ತಿರುಗಿಸಿದೆ. 100ನೇ ಸೆಕ್ಷನ್ ಪ್ರಕಾರ ಪೊಲೀಸರು ರಕ್ಷಣೆಗೆ ತೆಗೆದುಕೊಂಡವನನ್ನು ಆದಷ್ಟು ಬೇಗ, ತಡವೆಂದರೆ 24 ಗಂಟೆಯೊಳಗೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಯಾವ ಸಂದರ್ಭದಲ್ಲೂ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. 95ನೇ ಸೆಕ್ಷನ್ ಮನೋರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಪೂರ್ತಿ ನಿಷೇಧಿಸಿದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ನಂಬರು 14416. ಇವಿಷ್ಟನ್ನು ಪ್ರತಿ ಹಟ್ಟಿಯ ಗೋಡೆಯ ಮೇಲೆ ಬರೆಸುವುದು ಸಂಘಟನೆಗಳ ಕೆಲಸ. ಜಾತಿ ನಿಂದನೆಯ ಕೇಸು ಹಾಕಿಸಲು ಠಾಣೆ ಮೆಟ್ಟಿಲು ಹತ್ತುವ ನಾವು ಈ ಸೆಕ್ಷನ್ನನ್ನೂ ಜೇಬಿನಲ್ಲಿಟ್ಟುಕೊಂಡು ಹತ್ತಬೇಕು.

ಚರಿತ್ರೆಯ ವಿದ್ಯಾರ್ಥಿಗಳಿಗೆ ಬೇರೆಯದೇ ಕೆಲಸವಿದೆ. ತೋಟಿ, ತಳವಾರಿಕೆ ಮಾಡಿದ ಮನೆತನಗಳ ಹಿರಿಯರು ಇನ್ನೂ ಕೆಲವರಿದ್ದಾರೆ. ತಮ್ಮ ಕೈಯಿಂದ ಯಾರನ್ನು ಕಟ್ಟಿಸಿದರು, ಎಲ್ಲಿಗೆ ಹೊರಿಸಿದರು, ಅವರಲ್ಲಿ ಎಷ್ಟು ಜನ ಊರಿಗೆ ವಾಪಸು ಬಂದರು ಎಂದು ಅವರನ್ನು ಕೇಳಿ ಬರೆದುಕೊಳ್ಳಿ. ಆಸ್ಪತ್ರೆಗಳ ದಾಖಲೆಯಲ್ಲಿ 'ಪೊಲೀಸರು ತಂದದ್ದು' ಎಂಬ ಒಂದು ಸಾಲಿನಲ್ಲಿ ಮುಗಿದುಹೋದ ಆ ಹಾದಿಗೆ ಬೇರೆ ಸಾಕ್ಷಿಗಳಿಲ್ಲ.