ಪುಕ್ಕಟೆ ಮತ್ತು ಮುಕ್ತ: ಕನ್ನಡ ತಂತ್ರಾಂಶದ ಸೋರ್ಸ್ ಕೋಡ್ ವಾದದ ಚರಿತ್ರೆ

ಸುರಪುರ ಸೀಮೆಯ ದೇವಾಪುರ ಸಾಹಿತ್ಯ ಚರಿತ್ರೆಗೆ ಬಂದದ್ದು ಒಂದು ವಾದದ ಬೆನ್ನೇರಿ. ‘ಜೈಮಿನಿ ಭಾರತ’ದ ಲಕ್ಷ್ಮೀಶನ ದೇವಪುರ ಇದೇ ಎಂದು ಇಲ್ಲಿನವರ ಪಟ್ಟು, ಅದು ಕಡೂರಿನ ದೇವನೂರು ಎಂದು ಎದುರು ಪಕ್ಷ. ಕವಿ ಯಾವ ಊರಿನವನೆಂಬ ಜಗಳವಿದ್ದರೂ ಕಾವ್ಯಕ್ಕೆ ಯಾರೂ ಬೀಗ ಜಡಿಯಲಿಲ್ಲ. ಓಲೆಗರಿ ಸಿಕ್ಕವರು ಓದಿದರು, ಪ್ರತಿ ಮಾಡಿಕೊಂಡರು, ತಪ್ಪೆನಿಸಿದ್ದನ್ನು ತಿದ್ದಿದರು.

1957ರ ಕೃತಿಸ್ವಾಮ್ಯ ಕಾಯ್ದೆ ಇಂದು ಕಂಪ್ಯೂಟರ್ ಪ್ರೋಗ್ರಾಮನ್ನೂ ಸಾಹಿತ್ಯ ಕೃತಿಯ ಸಾಲಿನಲ್ಲೇ ಕೂರಿಸಿದೆ. ಆದರೆ ಈ ಕೃತಿಗೆ ಎರಡು ರೂಪ: ಯಂತ್ರ ನಡೆಸುವುದು ಒಂದು, ಮನುಷ್ಯ ಓದುವ ಸೋರ್ಸ್ ಕೋಡ್ ಇನ್ನೊಂದು. ಮೊದಲನೆಯದನ್ನು ಹಣವಿಲ್ಲದೆ ಹಂಚಿ ಎರಡನೆಯದನ್ನು ಒಳಗಿಟ್ಟುಕೊಂಡರೆ ತಂತ್ರಾಂಶ ಪುಕ್ಕಟೆಯಾದೀತು, ಮುಕ್ತವಾಗದು. ಕನ್ನಡ ಗಣಕದ ಚರಿತ್ರೆ ಈ ಎರಡನ್ನು ಬಹುಕಾಲ ಒಂದೆಂದೇ ಎಣಿಸಿತು. ಅದರಿಂದಾದ ನಷ್ಟವೇ ಈ ಲೇಖನದ ವಿಷಯ.

ಬಿಟ್ಟುಕೊಟ್ಟ ಕೀಲಿಮಣೆ

ಕೆ.ಪಿ. ರಾವ್ ರೂಪಿಸಿದ ಧ್ವನಿ ಆಧಾರಿತ ಕೀಲಿಮಣೆ ವಿನ್ಯಾಸ 26 ಕೀಲಿಗಳಲ್ಲೇ ಕನ್ನಡವನ್ನು ಹಿಡಿದಿಟ್ಟಿತು. ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ; ಒತ್ತಕ್ಷರ ಬೇಕಾದರೆ ನಡುವೆ ‘ಎಫ್’. ಅವರು ವಿನ್ಯಾಸವನ್ನು ಯಾವ ಹಕ್ಕಿಗೂ ಕಟ್ಟಿಹಾಕಲಿಲ್ಲ. ಸರಕಾರ ಅದನ್ನೇ ಶಿಷ್ಟ ವಿನ್ಯಾಸವೆಂದು ಒಪ್ಪಿತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅದರ ಮೇಲೆ ನಿಂತಿತು. ನುಡಿ ತಂತ್ರಾಂಶ ಬಹುಕಾಲ ವಿಂಡೋಸ್ ದಾಟಿ ಬರಲಿಲ್ಲ. ಬೆರಳಿನ ಆ ವಿನ್ಯಾಸ ಮಾತ್ರ ಲಿನಕ್ಸ್ ಬಳಗದ ಕೈಗೆ ಸಿಕ್ಕಿ ಅಲ್ಲಿಯೂ ಬೇರೂರಿತು. ನಿಯಮ ಎಲ್ಲರ ಕಣ್ಣೆದುರಿಗಿತ್ತು. ಮತ್ತೆ ಬರೆದುಕೊಳ್ಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಶೇಷಾದ್ರಿವಾಸು ಅವರ ‘ಬರಹ’ 1998ರಿಂದ ವರ್ಷಗಟ್ಟಲೆ ಪುಕ್ಕಟೆಯಾಗಿ ಸಿಕ್ಕಿತು, ಮುಂದೆ ಬೆಲೆ ಕೊಟ್ಟು ಕೊಳ್ಳುವ ತಂತ್ರಾಂಶವಾಯಿತು. ದುಡಿದವರು ಬೆಲೆ ಕೇಳುವುದು ತಪ್ಪಲ್ಲ. ಪುಕ್ಕಟೆ ಎಂಬುದು ಕೊಡುವವರ ಔದಾರ್ಯ, ಮುಕ್ತ ಎಂಬುದು ಪಡೆದವರ ಹಕ್ಕು. ಔದಾರ್ಯಕ್ಕೆ ಕೊನೆಯಿರಬಹುದು, ಒಮ್ಮೆ ಪರವಾನಗಿಯಲ್ಲಿ ಬರೆದುಕೊಟ್ಟ ಹಕ್ಕು ಆ ಆವೃತ್ತಿಯ ಜೊತೆಗೇ ಉಳಿಯುತ್ತದೆ.

ಒಂದು ಪದ, ಏಳು ಸಂಕೇತ

ನಷ್ಟ ಎಷ್ಟೆಂಬುದನ್ನು ಒಂದೇ ಪದದಲ್ಲಿ ಕಾಣಬಹುದು. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ ಕಡತದೊಳಗೆ ಕೂರುವುದು ಏಳು ಸಂಕೇತ: ಕಕಾರದ ಒಡಲು, ಅದರ ತಲೆಕಟ್ಟು, ನಕಾರದ ಒಡಲು, ಮತ್ತೆ ತಲೆಕಟ್ಟು, ನಕಾರದ ಒತ್ತು, ಡಕಾರದ ಒಡಲು, ಇನ್ನೊಂದು ತಲೆಕಟ್ಟು. ಕಕಾರದ ಒಡಲೆಂದು ಕಂಡದ್ದು ಯಂತ್ರದ ಲೆಕ್ಕದಲ್ಲಿ ರೋಮನ್ ‘ಪಿ’. ನಕಾರದ ಒಡಲು ಪೌಂಡ್ ನಾಣ್ಯದ ಗುರುತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದವರಿಗೆ ಕಂಡದ್ದು ಇದೇ ಕಲಸುಮೇಲೋಗರ. ಯೂನಿಕೋಡಿನಲ್ಲಿ ಅದೇ ಪದಕ್ಕೆ ಐದು ಸಂಕೇತ ಸಾಕು: ಕ, ನ, ಹಲಂತ, ನ, ಡ.

ಹಳೆಯ ಕಡತಗಳನ್ನು ಯೂನಿಕೋಡಿಗೆ ತರಲು ಯಾವ ಸಂಕೇತ ಯಾವ ಅಕ್ಷರದ ತುಂಡು ಎಂಬ ಪಟ್ಟಿ ಬೇಕು. ಅರವಿಂದ ವಿ.ಕೆ. ಬರೆದ ಪರಿವರ್ತಕ ತನ್ನ ಪಟ್ಟಿಯನ್ನು ಸೋರ್ಸ್ ಕೋಡಿನಲ್ಲೇ ತೆರೆದಿಟ್ಟಿತು. ಒತ್ತಕ್ಷರ ಎಲ್ಲಿ ತಪ್ಪಿತು ಎಂದು ಬಲ್ಲವರು ಬೆರಳಿಟ್ಟು ತೋರಿಸಬಹುದಾಯಿತು, ತಿದ್ದಲೂಬಹುದಾಯಿತು.

ಆಮೆಯ ಪಾಠ

ಸೋರ್ಸ್ ಕೋಡ್ ತೆರೆದಿರಬೇಕೆಂಬ ಮಾತು ಪ್ರೋಗ್ರಾಮಿಂಗ್ ಭಾಷೆಗೆ ಇನ್ನೂ ಹೆಚ್ಚು ಸಲ್ಲುತ್ತದೆ. 1967ರಲ್ಲಿ ಸೇಮೋರ್ ಪ್ಯಾಪರ್ಟ್ ಮತ್ತು ಸಂಗಡಿಗರು ಮಕ್ಕಳಿಗಾಗಿ ಲೋಗೋ ಭಾಷೆ ಕಟ್ಟಿದರು. ನೂರು ಹೆಜ್ಜೆ ಮುಂದೆ, 90 ಡಿಗ್ರಿ ಬಲಕ್ಕೆ, ಹೀಗೆ ನಾಲ್ಕು ಸಲ ಎಂದರೆ ಪರದೆಯ ಆಮೆ ಚೌಕ ಬರೆಯುತ್ತದೆ. ಯು.ಬಿ. ಪವನಜ ಅವರ ‘ಕನ್ನಡ ಲೋಗೋ’ ಈ ಆಟವನ್ನು ನಮ್ಮ ಮಕ್ಕಳ ಮಾತಿಗೆ ತಂದು 2006ರ ಮಂಥನ್ ಪ್ರಶಸ್ತಿ ಪಡೆಯಿತು. ಬರ್ಕ್ಲಿಯಲ್ಲಿ ಬ್ರಯಾನ್ ಹಾರ್ವೆ ಮುಂದಾಳಾಗಿ ಬೆಳೆಸಿದ ಲೋಗೋ, ತಮಿಳಿನ ಪ್ರೋಗ್ರಾಮಿಂಗ್ ಭಾಷೆ ‘ಎಳಿಲ್’ ಎರಡೂ ಯಾರು ಬೇಕಾದರೂ ಕೋಡ್ ಓದಿ ತಿದ್ದಬಹುದಾದ ಜಿ.ಪಿ.ಎಲ್. ಪರವಾನಗಿಯಲ್ಲಿವೆ. ಬಳಸುವವರು ಕಡಿಮೆಯಿರುವ ಭಾಷೆ ಒಬ್ಬರ ಬಿಡುವಿನ ವೇಳೆಯನ್ನೇ ನಂಬಿದರೆ, ಅವರು ಕೈಬಿಟ್ಟ ದಿನ ಅದೂ ನಿಲ್ಲುತ್ತದೆ.

ಪಾಠಾಂತರದ ಭಯ

ಸೋರ್ಸ್ ಕೋಡ್ ತೆರೆಯಬಾರದೆನ್ನುವ ಪಕ್ಷಕ್ಕೂ ತೂಕವಿದೆ. ಕಂಡಕಂಡವರು ತಿದ್ದಿದರೆ ಶಿಷ್ಟತೆ ಒಡೆದುಹೋದೀತು, ಬರೆದವರ ಹೆಸರು ಅಳಿಸೀತು ಎಂಬುದು ಅವರ ಅಂಜಿಕೆ. ಓಲೆಗರಿಯ ಕಾಲದಲ್ಲಿ ಇದು ನಡೆದೇ ಇತ್ತು. ಅಲ್ಲಿ ಪಾಠಾಂತರ ಯಾರದೆಂದು ತಿಳಿಯುತ್ತಿರಲಿಲ್ಲ. ಇಂದಿನ ಕೋಡ್ ಭಂಡಾರದಲ್ಲಿ ಒಂದು ಅಲ್ಪವಿರಾಮ ಕದಲಿಸಿದರೂ ತಿದ್ದಿದವರ ಹೆಸರು, ದಿನಾಂಕ ದಾಖಲಾಗುತ್ತವೆ. ಗ್ರಂಥಸಂಪಾದಕರು ಹತ್ತಾರು ಪ್ರತಿ ಹೋಲಿಸಿ ಮಾಡುತ್ತಿದ್ದ ಕೆಲಸದ ದೊಡ್ಡ ಪಾಲನ್ನು ಅದು ತಾನೇ ಮಾಡಿಡುತ್ತದೆ.

ಪುಸ್ತಕ ಅಚ್ಚಾದ ಮೇಲೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಒಪ್ಪಿಸಬೇಕೆಂದು 1954ರ ಕಾಯ್ದೆ ಹೇಳುತ್ತದೆ. ಸಾರ್ವಜನಿಕ ಹಣದಲ್ಲಿ ಬರೆದ ಕನ್ನಡ ತಂತ್ರಾಂಶಕ್ಕೂ ಇದೇ ಕಟ್ಟಳೆ ಬೇಕು: ಓದಬಲ್ಲ ಪ್ರತಿಯೊಂದು ಎಲ್ಲರಿಗೂ ಸಿಗುವಲ್ಲಿರಲಿ. ಬರೆದವರ ಊರು ಯಾವುದೆಂದು ಮುಂದಿನವರು ಬೇಕಾದಷ್ಟು ವಾದ ಮಾಡಿಕೊಳ್ಳಲಿ.