ಲೀಲೆ, ವಿನೋದ, ಬೆಡಗು

ಹುಮನಾಬಾದ, ಬಸವಕಲ್ಯಾಣ ಸೀಮೆಯ ಘಾಟಬೋರಾಳದಂತಹ ಊರುಗಳಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುತ್ತವೆ. ನಗೆಮಾತಿಗೆ ಚೇಷ್ಟೆ ಎನ್ನುವರು, ಮಜಾಕ ಎನ್ನುವರು. ಮನೆಯಲ್ಲಿ ಮಗು ಹುಟ್ಟಿದಾಗಲೂ, ಮಳೆ ಕೈಕೊಟ್ಟಾಗಲೂ, ಹಿರಿಯರು ಲಿಂಗೈಕ್ಯರಾದಾಗಲೂ ಭಕ್ತರ ಬಾಯಿಗೆ ಬರುವ ಮಾತು ಮಾತ್ರ ಒಂದೇ: ಎಲ್ಲವೂ ಶಿವನ ಲೀಲೆ. ಆಟವನ್ನು ಹೇಳುವ ಪದವು ದುಃಖದ ಮನೆಯೊಳಗೆ ಹೇಗೆ ಬಂದಿತೆಂಬುದು ವಿಚಾರಿಸತಕ್ಕ ವಿಷಯ.

ಪರಿಪೂರ್ಣನಾದ ದೇವನಿಗೆ ಯಾವ ಕೊರತೆಯೂ ಇಲ್ಲದಿರುವಾಗ ಲೋಕವನ್ನೇಕೆ ಸೃಜಿಸಿದನು? ಬಾದರಾಯಣರ ಬ್ರಹ್ಮಸೂತ್ರ ಇದಕ್ಕೆ ಲೀಲೆ ಎಂಬ ಪದದಿಂದಲೇ ಉತ್ತರಿಸುತ್ತದೆ. ವಚನಗಳಲ್ಲಿ ಲೀಲೆಯ ಜೊತೆಗೆ ವಿನೋದವೂ ಬರುತ್ತದೆ. ವಿನೋದವೆಂದರೆ ಮೂಲದಲ್ಲಿ ಹೋಗಲಾಡಿಸುವುದು. ಬೇಸರ ಕಳೆಯುವ ಆಟವೆಂಬ ಅರ್ಥ ಅದರಿಂದ ಬೆಳೆಯಿತು. ಪರಶಿವನಿಗೆ ಕಳೆಯಬೇಕಾದ ಬೇಸರವಾದರೂ ಎಲ್ಲಿಯದು? ಆದುದರಿಂದ ಅವನ ವಿಷಯದಲ್ಲಿ ಈ ಪದಕ್ಕೆ ಆನಂದವೊಂದೇ ಅರ್ಥವಾಗಿ ಉಳಿಯುತ್ತದೆ.

ನುಡಿಯ ಆಟಕ್ಕೆ ಬೆಡಗು ಎಂದು ಹೆಸರು. ಚೆಲುವು, ಒಯ್ಯಾರ ಎಂಬುದು ಇದರ ಸಾಮಾನ್ಯ ಅರ್ಥ. ಶರಣ ಸಾಹಿತ್ಯದಲ್ಲಿ ಇದು ಗೂಢಾರ್ಥದ ವಚನಕ್ಕೆ ಸಲ್ಲುತ್ತದೆ. ಕಪ್ಪೆ, ಸರ್ಪ, ಗಿಡ, ನೀರುಗಳನ್ನು ಲೋಕದಲ್ಲಿ ಎಂದೂ ನಡೆಯದ ರೀತಿಯಲ್ಲಿ ಜೋಡಿಸಿದ ಈ ಮಾತುಗಳು ಮೇಲ್ನೋಟಕ್ಕೆ ಬರಿಯ ಚಮತ್ಕಾರವೆನಿಸುತ್ತವೆ. ಹದಿನೈದನೆಯ ಶತಮಾನದ ಟೀಕಾಕಾರರು ಒಂದೊಂದು ಪದಕ್ಕೂ ಷಟ್‌ಸ್ಥಲದ ಅರ್ಥ ಹೇಳಿದರು. ಅವರ ಉಪಕಾರ ದೊಡ್ಡದು. ಆದರೂ ಟೀಕೆಯನ್ನು ಮೊದಲೇ ಓದಿದವನಿಗೆ ಬೆಡಗಿನ ಬೆರಗು ತಪ್ಪಿಹೋಗುವುದುಂಟು.

ಲೀಲೆ ಎಂಬ ಪದದ ಭಾರ ತಿಳಿಯಬೇಕಾದರೆ ಅಲ್ಲಮಪ್ರಭುದೇವರ ಚರಿತೆಯನ್ನು ಇಬ್ಬರು ಕವಿಗಳು ಹೇಳಿದ ಬಗೆಯನ್ನು ನೋಡಬೇಕು. ಹರಿಹರ ಕವಿಯ ರಗಳೆಯಲ್ಲಿ ಅಲ್ಲಮನು ಕಮಲತೆಯನ್ನು ಒಲಿದವನು. ಆಕೆ ಜ್ವರದಿಂದ ತೀರಿಕೊಳ್ಳುತ್ತಾಳೆ. ಅವನು ಮರುಳನಂತೆ ಅಲೆಯುತ್ತಾನೆ. ಆ ಅಲೆದಾಟದಲ್ಲಿಯೇ ನೆಲದಲ್ಲಿ ಹುದುಗಿದ ದೇಗುಲದ ಕಳಸ ಕಂಡು, ಒಳಹೊಕ್ಕು, ಅನಿಮಿಷಯ್ಯನ ಕೈಯ ಲಿಂಗವನ್ನು ಪಡೆಯುತ್ತಾನೆ. ಇಲ್ಲಿ ದುಃಖವು ದುಃಖವಾಗಿಯೇ ಇದೆ.

ಪ್ರೌಢದೇವರಾಯನ (1424–1446) ಕಾಲದ ಚಾಮರಸನಿಗೆ ಇದು ಒಪ್ಪಿಗೆಯಾಗಲಿಲ್ಲ. ಅವನ ಕೃತಿಯ ಹೆಸರೇ ಪ್ರಭುಲಿಂಗಲೀಲೆ. ಅಲ್ಲಿ ಮಾಯೆಯು ಬನವಾಸಿಯಲ್ಲಿ ಮಾಯಾದೇವಿಯಾಗಿ ಹುಟ್ಟಿ ಬಂದು ಪ್ರಭುವನ್ನು ಮೋಹಿಸುತ್ತಾಳೆ. ಪ್ರಭು ಮದ್ದಳೆ ಬಾರಿಸುತ್ತಾನೆ, ಅಂಟಿಕೊಳ್ಳುವುದಿಲ್ಲ. ಅಳುವ ಗಂಡನು ಹೋಗಿ ಆಡುವ ದೇವನು ಬಂದನು. ಹದಿನೇಳನೆಯ ಶತಮಾನದಲ್ಲಿ ಶಿವಪ್ರಕಾಶ ಸ್ವಾಮಿಗಳು ಇದನ್ನು ತಮಿಳಿಗೆ ತಂದಾಗಲೂ ಹೆಸರಿನಲ್ಲಿ ಲೀಲೆ ಉಳಿಯಿತು. ಚಾಮರಸನ ಪ್ರಭು ಪೂಜ್ಯನು, ನಿಜ. ಆದರೆ ಹೆಂಡತಿಯನ್ನು ಕಳೆದುಕೊಂಡ ಭಕ್ತನೊಬ್ಬನು ಹತ್ತಿರ ಹೋಗಿ ಕುಳಿತುಕೊಳ್ಳಬಲ್ಲುದು ಹರಿಹರನ ಅಲ್ಲಮನ ಬಳಿಯಲ್ಲಿಯೇ.

ಕಲ್ಯಾಣದ ನೆಲದಲ್ಲಿ ಈ ಭೇದವನ್ನು ಮರೆಯಲಾಗದು. ಬಿಜ್ಜಳನ ಆಳ್ವಿಕೆಯ ಕೊನೆಯಲ್ಲಿ, 1167ರ ಸುಮಾರಿಗೆ, ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಲಗ್ನವಾಯಿತೆಂದೂ, ಅದಕ್ಕಾಗಿ ಬೀಗರಿಬ್ಬರಿಗೂ ಘೋರವಾದ ಮರಣದಂಡನೆಯಾಯಿತೆಂದೂ ಪರಂಪರೆ ಹೇಳುತ್ತದೆ. ಪುರಾಣಗಳು ಶರಣರ ಬದುಕನ್ನೆಲ್ಲ ಶಿವಲೀಲೆಯ ಚೌಕಟ್ಟಿನಲ್ಲಿ ಕಂಡವು. ಹಾಗೆ ಕಂಡಾಗ ದಂಡನೆ ವಿಧಿಸಿದ ಅರಸನು ಬರಿಯ ಪಾತ್ರಧಾರಿಯಾಗಿಬಿಡುತ್ತಾನೆ, ಅನ್ಯಾಯಕ್ಕೆ ಹೊಣೆಗಾರರೇ ಇಲ್ಲದಂತಾಗುತ್ತದೆ. ದೇವನು ತನ್ನ ಸೃಷ್ಟಿಯನ್ನು ಲೀಲೆ ಎನ್ನಲಿ. ಇನ್ನೊಬ್ಬರು ಕೊಟ್ಟ ನೋವಿಗೆ ಆ ಹೆಸರಿಡುವ ಅಧಿಕಾರ ನೋಡುತ್ತ ನಿಂತವರಿಗಿಲ್ಲ. ಬಸವಕಲ್ಯಾಣದಲ್ಲಿ ಹರಳಯ್ಯನವರ ಗವಿಗೆ ಬರುವ ಭಕ್ತರು ಅಲ್ಲಿ ತ್ಯಾಗವೆಂಬ ಮಾತನ್ನೇ ಆಡುತ್ತಾರೆ.