ರೋಗಭೀತಿಯೂ ವಿವೇಚನೆಯೂ: ಕಲಬುರಗಿ ಸೀಮೆಯಲ್ಲಿ ಪ್ಲೇಗಿನಿಂದ ಕೊರೋನಾವರೆಗೆ

2020ರ ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಎರಡು ದಿನಗಳ ಬಳಿಕ ಪರೀಕ್ಷೆಯ ವರದಿ ಬಂದಾಗ, ಅದು ಕೋವಿಡ್-19ರಿಂದ ಭಾರತದಲ್ಲಿ ಸಂಭವಿಸಿದ ಮೊದಲನೆಯ ಮರಣವೆಂದು ದಾಖಲಾಯಿತು. ದೇಶವ್ಯಾಪಿ ಲಾಕ್‌ಡೌನ್‌ಗೆ ಇನ್ನೂ ಸುಮಾರು ಎರಡು ವಾರಗಳಿದ್ದವು. ಆದರೆ ಕಲಬುರಗಿಯ ಬೀದಿಗಳು ಅಷ್ಟರೊಳಗೇ ಬರಿದಾಗತೊಡಗಿದವು. ರಾಜ್ಯದ ಅನೇಕ ಹಳ್ಳಿಗಳ ಜನರು ತಮ್ಮ ಊರಿನ ದಾರಿಗೆ ತಾವೇ ಮುಳ್ಳುಕಂಟಿ ಎಳೆದು ಪರಸ್ಥಳದವರನ್ನು ತಡೆದರು. 2021ರ ಏಪ್ರಿಲ್ ವೇಳೆಗೆ ಅಪಾಯವು ಅದರ ಎಷ್ಟೋ ಪಟ್ಟು ಹೆಚ್ಚಿತ್ತು. ಆದರೂ ಹತ್ತಿರದ ಬಸವಕಲ್ಯಾಣ ಮತ್ತು ಮಸ್ಕಿಗಳಲ್ಲಿ ಉಪಚುನಾವಣೆಯ ಸಭೆಗಳಿಗೆ ಜನರು ನೆರೆದರು. ಮೊದಲ ಮರಣಕ್ಕೆ ನಡುಗಿದ ಸೀಮೆಯು ಅನೇಕ ಮರಣಗಳ ನಡುವೆ ನಿರ್ಭೀತವಾಗಿ ನಡೆದುಕೊಂಡದ್ದು ಹೇಗೆ?

ಇದನ್ನು ಜನರ ಅಜ್ಞಾನವೆಂದು ಕರೆದು ಮುಗಿಸುವುದು ಸುಲಭ. ಇತಿಹಾಸವು ಹಾಗೆ ಮುಗಿಸಲು ಬಿಡುವುದಿಲ್ಲ.

ಆಳಂದ ಮತ್ತು ಅಫಜಲಪುರ ತಾಲೂಕುಗಳು ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿವೆ. ಅಫಜಲಪುರವನ್ನು ಹಾದು ಬರುವ ಭೀಮಾ ನದಿಯು ಜೇವರ್ಗಿಯತ್ತ ಹರಿಯುತ್ತದೆ. ಮಳೆ ಕೈಕೊಟ್ಟಾಗ ಮುಂಬಯಿ, ಪುಣೆಗಳಿಗೆ ಗುಳೆ ಹೋಗುವುದು ಈ ಸೀಮೆಯ ಹಳೆಯ ರೂಢಿ. ಬೊಂಬಾಯಿಯಿಂದ ಮದ್ರಾಸಿಗೆ ಹೋಗುವ ರೈಲುಮಾರ್ಗವು 1871ರಲ್ಲಿ ಕಲಬುರಗಿಯ ಮೇಲೆ ಹಾದುಹೋಯಿತು. ಅಂದಿನಿಂದ ಬೊಂಬಾಯಿಗೆ ಬಂದ ರೋಗವು ಇಲ್ಲಿಗೆ ತಲುಪಲು ಬಹುಕಾಲ ಬೇಕಾಗಲಿಲ್ಲ. 1896ರ ಸೆಪ್ಟೆಂಬರಿನಲ್ಲಿ ಪ್ಲೇಗು ಆ ನಗರದಲ್ಲಿ ಕಾಣಿಸಿಕೊಂಡಿತು. ಮರುವರ್ಷ ಬ್ರಿಟಿಷ್ ಸರಕಾರವು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಜಾರಿಗೆ ತಂದಿತು. 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರವು ತನ್ನ ನಿಯಮಗಳನ್ನು ಹೊರಡಿಸಿದ್ದು ಅದೇ 1897ರ ಕಾಯಿದೆಯ ಅಡಿಯಲ್ಲಿ.

ಪ್ಲೇಗಿನ ಕಾಲದ ಜನರು ಇಲಿ ಬಿದ್ದೊಡನೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ದೇವಿಯ ಮುನಿಸೆಂದು ಕೆಲವರು ಹೇಳಿದರೂ ಅವರ ಕಣ್ಣು ಸರಿಯಾದುದನ್ನೇ ಕಂಡಿತ್ತು. ಇಲಿಯ ಚಿಗಟಗಳಿಂದ ರೋಗ ಹಬ್ಬುತ್ತದೆಂದು ವೈದ್ಯಲೋಕವು ಒಪ್ಪುವುದಕ್ಕೆ ಮೊದಲೇ ಹಳ್ಳಿಗರ ಅನುಭವವು ಇಲಿಗೂ ಮರಣಕ್ಕೂ ಇರುವ ನಂಟನ್ನು ಗುರುತಿಸಿತ್ತು. ಕಾರಣದ ವಿವರಣೆ ತಪ್ಪಾಗಿದ್ದರೂ ಮಾಡಿದ ಕೆಲಸ ಸರಿಯಾಗಿತ್ತು. ಜನರ ರೂಢಿಯನ್ನು ಕೇಳುವ ಮೊದಲೇ ಮೌಢ್ಯವೆಂದು ತಳ್ಳಿಬಿಡುವ ಬೋಧಕನು ಇದನ್ನು ನೆನೆಯಬೇಕು.

ಅಪನಂಬಿಕೆಗೂ ಹೀಗೆಯೇ ಎರಡು ಮುಖಗಳಿವೆ. 1898ರಲ್ಲಿ ಹುಬ್ಬಳ್ಳಿಯಲ್ಲಿ ಸರಕಾರಿ ವೈದ್ಯ ಲ್ಯೂಮನ್ನನ ಮೇಲ್ವಿಚಾರಣೆಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಹಾಫ್‌ಕಿನ್ನರ ಪ್ಲೇಗು ಲಸಿಕೆಯನ್ನು ಹಾಕಿಸಿಕೊಂಡರು. ಕನ್ನಡನಾಡಿನ ಜನರು ಸೂಜಿಯನ್ನು ಕಂಡರೆ ಓಡುವವರೆಂಬ ಮಾತಿಗೆ ಇದು ತಕ್ಕ ಉತ್ತರ. ಆದರೆ 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಒಂದೇ ಸೀಸೆಯ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಅಂದ ಮೇಲೆ ಲಸಿಕೆಗೆ ಅಂಜಿದವರೆಲ್ಲರೂ ಕಟ್ಟುಕಥೆಗೆ ಮರುಳಾದವರೇ? 2021ರಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಲಸಿಕೆಯಲ್ಲಿ ಹಿಂದೆ ಬಿದ್ದಾಗ, ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ನಡೆದು, ಪ್ರಶ್ನೆಗಳಿಗೆ ಉತ್ತರ ಕೊಟ್ಟು ಆ ಅಂಜಿಕೆಯನ್ನು ಕರಗಿಸಬೇಕಾಯಿತು. ಗದರಿಕೆಯಿಂದ ಅದು ಆಗುವ ಕೆಲಸವಾಗಿರಲಿಲ್ಲ.

1918ರ ಇನ್‌ಫ್ಲುಯೆಂಜಾ ಕುರಿತು ನಮ್ಮ ಸೀಮೆಯ ನೆನಪು ವಿಚಿತ್ರವಾಗಿ ಬಡವಾಗಿದೆ. ಹೈದರಾಬಾದ್ ಸಂಸ್ಥಾನದ ಜನಸಂಖ್ಯೆಯು 1911ರಲ್ಲಿ ಸುಮಾರು 1 ಕೋಟಿ 34 ಲಕ್ಷವಿದ್ದುದು 1921ರಲ್ಲಿ 1 ಕೋಟಿ 25 ಲಕ್ಷಕ್ಕೆ ಇಳಿಯಿತು. ಜ್ವರಕ್ಕೆ ಬರಗಾಲವೂ ಜೊತೆಗೂಡಿತ್ತು. ಇಷ್ಟು ದೊಡ್ಡ ನಷ್ಟವು ಜನರ ಮಾತಿನಲ್ಲಿ ಪ್ಲೇಗಿನಷ್ಟು ಉಳಿಯಲಿಲ್ಲ. ಪ್ಲೇಗಿಗೆ ಬಿದ್ದ ಇಲಿಯಿತ್ತು, ಗಡ್ಡೆಯಿತ್ತು, ಬಿಟ್ಟ ಊರಿತ್ತು. ಜ್ವರಕ್ಕೆ ಅಂಥ ಗುರುತೇನೂ ಇರಲಿಲ್ಲ. ಮನುಷ್ಯನು ಅಪಾಯವನ್ನು ಎಣಿಸುವುದಕ್ಕಿಂತ ಹೆಚ್ಚಾಗಿ ಅದಕ್ಕೊಂದು ಆಕಾರವನ್ನು ಹುಡುಕುತ್ತಾನೆ.

2020ರಲ್ಲಿ ಆ ಆಕಾರವು ಮನುಷ್ಯರದೇ ಆಯಿತು. ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಕೂಲಿಕಾರರು ಮರಳಿದರು. ಗುಳೆ ಹೋದವರು ಊರಿಗೆ ಬರುವುದು ಎಂದೂ ಹಬ್ಬದ ಸಂಗತಿಯಾಗಿತ್ತು. ಈ ಸಲ ಅವರನ್ನು ಶಾಲೆಗಳ ಕ್ವಾರಂಟೈನ್ ಕೇಂದ್ರಗಳಲ್ಲಿ ಇರಿಸಲಾಯಿತು. ಅವರಲ್ಲಿ ಅನೇಕರಿಗೆ ಸೋಂಕು ಇದ್ದುದು ನಿಜ, ಪ್ರತ್ಯೇಕವಾಗಿರಿಸಿದ್ದೂ ಸರಿಯೇ. ಆದರೆ ಸೋಂಕಿತನಿಂದ ದೂರವಿರುವುದು ಒಂದು. ಅವನ ಜಾತಿ, ಮತ, ತಾಂಡಾವನ್ನೇ ಸೋಂಕೆಂದು ಕರೆಯುವುದು ಮತ್ತೊಂದು. ಅದೇ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ಊರುಗಳು ಮುಳುಗಿದಾಗ ಸಂತ್ರಸ್ತರು ಕಾಳಜಿ ಕೇಂದ್ರಗಳಲ್ಲಿ ಒಟ್ಟಾಗಿ ಮಲಗಿದರು. ಕಣ್ಣೆದುರಿನ ನೀರಿನ ಮುಂದೆ ಕಾಣದ ವೈರಾಣು ಹಿಂದೆ ಸರಿಯಿತು. ಅದನ್ನು ಅವಿವೇಕವೆನ್ನಲು ನನಗೆ ಮನಸ್ಸಾಗದು.

ಇನ್ನು ಧರ್ಮದ ವಿಷಯ. 2020ರ ಏಪ್ರಿಲ್ 16ರಂದು ನೆರೆಯ ಚಿತ್ತಾಪುರ ತಾಲೂಕಿನ ರಾವೂರಿನಲ್ಲಿ ಲಾಕ್‌ಡೌನ್ ನಡುವೆಯೇ ರಥ ಎಳೆಯಲಾಯಿತು. ದೇಶದಾದ್ಯಂತ ಅದು ಸುದ್ದಿಯಾಯಿತು. ಸಭಾಪಾಲಕರಾದ ನಾವು ಅದರತ್ತ ಬೆರಳು ತೋರಿಸುವ ಮೊದಲು 2021ರ ಏಪ್ರಿಲ್‌ನಲ್ಲಿ ಕೇರಳದ ಮುನ್ನಾರಿನಲ್ಲಿ ನಡೆದ ಪಾದ್ರಿಗಳ ಕೂಟವನ್ನು ನೆನೆಯಬೇಕು. ಅಲ್ಲಿ ಸೇರಿದವರಲ್ಲಿ ನೂರಕ್ಕೂ ಹೆಚ್ಚು ಮಂದಿ ಸೋಂಕಿತರಾದರೆಂದೂ ಕೆಲವರು ಮೃತರಾದರೆಂದೂ ವರದಿಯಾಯಿತು. ಆ ದಿನಗಳಲ್ಲಿ 91ನೆಯ ಕೀರ್ತನೆಯು ಮೊಬೈಲಿನಿಂದ ಮೊಬೈಲಿಗೆ ತಾಯಿತದಂತೆ ಸಾಗಿತು. ದೇವಾಲಯದ ಶಿಖರದ ಮೇಲೆ ನಿಂತು ಅದೇ ಕೀರ್ತನೆಯನ್ನು ಯೇಸುವಿಗೆ ಹೇಳಿದವನು ಸೈತಾನನು ಎಂಬುದನ್ನು ಮತ್ತಾಯನ ನಾಲ್ಕನೆಯ ಅಧ್ಯಾಯವು ತಿಳಿಸುತ್ತದೆ. ಆ ಮಾತನ್ನು ಕರ್ತನು ಸುಳ್ಳೆನ್ನಲಿಲ್ಲ; ದೇವರನ್ನು ಪರೀಕ್ಷಿಸಲು ಅದನ್ನು ಬಳಸಲು ಒಪ್ಪಲಿಲ್ಲ. 1527ರಲ್ಲಿ ವಿಟೆನ್‌ಬರ್ಗಿಗೆ ಪ್ಲೇಗು ಬಂದಾಗ ಲೂಥರನು ಬ್ರೆಸ್ಲಾವಿನ ಪಾದ್ರಿ ಯೋಹಾನ್ ಹೆಸ್ಸನಿಗೆ ಬರೆದ ಪತ್ರವು ಇದೇ ದಾರಿಯಲ್ಲಿ ನಡೆಯುತ್ತದೆ. ಔಷಧ ಸೇವಿಸಬೇಕು, ಮನೆಗೆ ಹೊಗೆ ಹಾಕಬೇಕು, ಅಗತ್ಯವಿಲ್ಲದೆಡೆಗೆ ಹೋಗಬಾರದು; ನೆರೆಯವನಿಗೆ ತನ್ನ ಅಗತ್ಯವಿದ್ದರೆ ಹೋಗಲೇಬೇಕು ಎಂಬುದು ಅದರ ತಾತ್ಪರ್ಯ.

ಆದರೆ ಪರಾಮರ್ಶೆಯ ಶಿಕ್ಷಣಕ್ಕೆ ನಮಗಿರುವ ಅತ್ಯುತ್ತಮ ಪಾಠವು ಪ್ರಸಂಗಪೀಠದಲ್ಲಿ ಅಪರೂಪವಾಗಿ ಓದಲಾಗುವ ಯಾಜಕಕಾಂಡದ 13ನೆಯ ಅಧ್ಯಾಯದಲ್ಲಿದೆಯೆಂದು ನನ್ನ ಅಭಿಪ್ರಾಯ. ಅಲ್ಲಿನ ರೋಗವು ಇಂದಿನ ಕುಷ್ಠವೇ ಎಂಬ ಚರ್ಚೆ ಇಲ್ಲಿ ಬೇಡ. ಮಚ್ಚೆಯನ್ನು ಕಂಡ ಯಾಜಕನು ಸಂದೇಹವಿದ್ದರೆ ಕೂಡಲೇ ತೀರ್ಪು ಕೊಡುವಂತಿಲ್ಲ. ಆ ವ್ಯಕ್ತಿಯನ್ನು ಏಳು ದಿನ ಪ್ರತ್ಯೇಕವಾಗಿರಿಸಿ ಪುನಃ ನೋಡಬೇಕು. ಆಗಲೂ ತಿಳಿಯದಿದ್ದರೆ ಮತ್ತೆ ಏಳು ದಿನ. ನೋಡತಕ್ಕದ್ದು ಮಚ್ಚೆ ಹರಡಿತೇ ಎಂಬುದನ್ನು, ಅವನು ಯಾರ ಮಗನೆಂಬುದನ್ನಲ್ಲ. 12 ಮತ್ತು 13ನೆಯ ವಚನಗಳು ಇನ್ನೂ ಸೋಜಿಗದವು: ರೋಗವು ಅಡಿಯಿಂದ ಮುಡಿಯವರೆಗೆ ವ್ಯಾಪಿಸಿ ಮೈಯೆಲ್ಲ ಬೆಳ್ಳಗಾಗಿದ್ದರೆ ಅಂಥವನು ಶುದ್ಧನು. ನೋಡಿದವರೆಲ್ಲ ಹೆದರಿ ಓಡುವಂಥ ದೇಹವನ್ನು ಯಾಜಕನು ಹತ್ತಿರದಿಂದ ನೋಡಿ, ಇವನಿಂದ ಭಯವಿಲ್ಲವೆಂದು ಸಾರಬೇಕು.

ಮುಂದಿನ ಅಧ್ಯಾಯದಲ್ಲಿ ಯಾಜಕನು ಪಾಳೆಯದ ಹೊರಗೆ ತಾನೇ ಹೋಗಿ, ಗುಣವಾದವನನ್ನು ಪರೀಕ್ಷಿಸಿ, ವಿಧಿಪೂರ್ವಕವಾಗಿ ಒಳಗೆ ಸೇರಿಸಿಕೊಳ್ಳುತ್ತಾನೆ. ನಮ್ಮ ಶಾಲೆಗಳಲ್ಲಿ ದಿನಗಳನ್ನು ಎಣಿಸಿ ಹೊರಬಂದ ಕೂಲಿಕಾರರಿಗೆ ಹೊರಗಿಡುವ ಕಾಯಿದೆಯಿತ್ತು. ಒಳಗೆ ಕರೆದುಕೊಳ್ಳುವ ಇಂಥ ವಿಧಿಯೊಂದೂ ಇರಲಿಲ್ಲ.